ಸೆಕ್ರೆಟರಿ ಹುಡುಕಿದ ಎರಡನೇ ಡಿಸ್ಕು

ಕಟ್ಟಡದ ಸೆಕ್ರೆಟರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅಭ್ಯಾಸವಿಲ್ಲದವರು ಮಾಡುವಂತೆ ಅವನೂ ಸುಳ್ಳಿಗೆ ಬೇಡದ ವಿವರವನ್ನೆಲ್ಲ ಸೇರಿಸಿ ಸಿಕ್ಕಿಹಾಕಿಕೊಂಡ.

"ಲ್ಯಾಪ್‌ಟಾಪು ತೆರೀತಾನೇ ಇಲ್ಲ ಮೇಡಂ. ಒಳಗಿರೋ ಹಾರ್ಡ್ ಡಿಸ್ಕು ತುಂಬಿ ಉಸಿರುಕಟ್ಟಿದೆ. ಎರಡನೇದೊಂದು ಹಾಕೋ ತನಕ ಗೇಟಿನ ಕ್ಯಾಮೆರಾದ್ದು ಏನೂ ನೋಡೋಕಾಗಲ್ಲ."

ಬಾಗಿಲಲ್ಲಿ ನಿಂತಿದ್ದವರು ಮೂರನೇ ಮಹಡಿಯ ಹೆಡ್‌ಮಿಸ್ಟ್ರೆಸ್. ಶಾಲೆಯಿಂದ ನಿವೃತ್ತರಾದ ಮೇಲೆ ಇಡೀ ಕಟ್ಟಡವನ್ನೇ ತರಗತಿ ಮಾಡಿಕೊಂಡಿದ್ದವರು.

"ಹಾಗಾದ್ರೆ ಹಾಕ್ಸಿ. ಮಧ್ಯಾಹ್ನದೊಳಗೆ ತನ್ನಿ. ನನ್ನ ಹೂಕುಂಡ ಒಡೆದ ಮಹಾನುಭಾವ ಯಾರು ಅಂತ ಎಲ್ಲರೂ ನೋಡೋಣ. ಸಿಕ್ಕಿದವರು ಒಂದು ವರ್ಷ ತಾರಸಿಯ ಗಿಡಗಳಿಗೆಲ್ಲ ನೀರು ಹೊರಬೇಕು. ಲಿಫ್ಟಲ್ಲಿ ಬಕೆಟ್ ತರೋ ಹಾಗಿಲ್ಲ."

ಆ ಮಹಾನುಭಾವ ಸೆಕ್ರೆಟರಿಯೇ.

ಕಳೆದ ವಾರ ಬೆಳಗ್ಗೆ ಆಫೀಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ 'ಢಬ್' ಅಂದಿತ್ತು. ಕನ್ನಡಿಯಲ್ಲಿ ನೋಡಿದರೆ, ಗೇಟಿನ ಪಕ್ಕ ಮಂತ್ರಿಯ ಹಾಗೆ ಠೀವಿಯಿಂದ ಕೂತಿದ್ದ ದೊಡ್ಡ ಹೂಕುಂಡ ಎರಡು ಹೋಳಾಗಿ ಬಿದ್ದಿತ್ತು. ಅವನು ಕೆಳಗಿಳಿಯಲೂ ಇಲ್ಲ. ಗೇರು ಬದಲಿಸಿ ಪರಾರಿಯಾಗಿದ್ದ.

ಕ್ಯಾಮೆರಾ ಕಂಡದ್ದೆಲ್ಲ ಅವನ ಮನೆಯ ಲ್ಯಾಪ್‌ಟಾಪಿನಲ್ಲಿ ಸೇರುತ್ತಿತ್ತು. ಅದರಲ್ಲಿ ಸುಮಾರು ಒಂದು ವಾರದ್ದಕ್ಕಷ್ಟೇ ಜಾಗ. ತುಂಬಿದ ಮೇಲೆ ಹಳೆಯದನ್ನು ಒರೆಸಿ ಹೊಸದನ್ನು ಬರೆದುಕೊಳ್ಳುತ್ತಿತ್ತು. ಕೈಯಾರೆ ಅಳಿಸಿದರೆ ಯಾರು ಅಳಿಸಿದರು ಅನ್ನುವುದನ್ನೂ ದಾಖಲು ಮಾಡುವ ಚಾಡಿಕೋರ ಯಂತ್ರ ಅದು. ಆ ದೃಶ್ಯವನ್ನು ಒಮ್ಮೆ ತೆರೆದು ನೋಡಲೂ ಸೆಕ್ರೆಟರಿಗೆ ಧೈರ್ಯ ಬಂದಿರಲಿಲ್ಲ. ಹೇಗಾದರೂ ಸಂಜೆಯವರೆಗೆ ಹೊತ್ತು ತಳ್ಳಿಬಿಟ್ಟರೆ ಆ ಬೆಳಗು ತಾನಾಗಿ ಅಳಿಸಿಹೋಗುತ್ತದೆ, ಅಷ್ಟು ಸಾಕು ಅಂದುಕೊಂಡ.

ಒಬ್ಬನೇ ಹೋಗಿದ್ದರೆ ಪಾರ್ಕಿನಲ್ಲಿ ಮಲಗಿದ್ದು ಬರಬಹುದಿತ್ತು. ಆದರೆ ಕೆಳಮನೆಯ ಹಲ್ಲಿನ ಡಾಕ್ಟರು ಆಗಲೇ ಬೂಟು ಹಾಕಿಕೊಂಡು ನಿಂತಿದ್ದರು. "ಹಾರ್ಡ್ ಡಿಸ್ಕ್ ವಿಷಯ ಅಂದ್ರೆ ನನ್ನ ಕೇಳಿ. ಹತ್ತು ನಿಮಿಷದ ಕೆಲಸ!"

ಸಾಲದೆಂಬಂತೆ ಹೆಡ್‌ಮಿಸ್ಟ್ರೆಸ್ ತಮ್ಮ ಯಜಮಾನರನ್ನೂ ಮುಂದಕ್ಕೆ ತಳ್ಳಿದರು. "ಇವರೂ ಬರ್ತಾರೆ. ಅಲ್ಲಿ ಏನೇನಾಯ್ತು ಅಂತ ಬಂದು ನನಗೆ ಹೇಳ್ತಾರೆ."

ಯಜಮಾನರು ಒಂದು ಪೂರ್ತಿ ವಾಕ್ಯ ಮಾತಾಡಿದ್ದನ್ನು ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಅಂಥವರೇ ಗೂಢಚಾರರಾಗಿ ಬಂದರೆ ಬದುಕುವುದು ಹೇಗೆ ಎಂದುಕೊಳ್ಳುತ್ತ ಸೆಕ್ರೆಟರಿ ಇಬ್ಬರನ್ನೂ ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೊರಟ.

ಅಂಗಡಿಯವನು ಡಬ್ಬಿಗಳನ್ನು ಹರಡಿದ. "ಇವು ಒಳಗೆ ತಿರುಗೋ ಡಿಸ್ಕು. ಇವು ತಿರುಗದೇ ಇರೋ ಎಸ್‌ಎಸ್‌ಡಿ. ಇವುಗಳ ವೇಗ ಜಾಸ್ತಿ. ಎಲ್ಲಾ ಹೊರಗಿಂದ್ಲೇ ವೈರ್ ಚುಚ್ಚಿದ್ರೆ ಆಯ್ತು."

"ಎಸ್‌ಎಸ್‌ಡಿ ಕೊಡಿ, ಮುಗೀತು," ಅಂದರು ಡಾಕ್ಟರು.

"ಮುಗಿಯೋದು ಹೇಗೆ ಡಾಕ್ಟ್ರೇ?" ಸೆಕ್ರೆಟರಿ ಗಾಬರಿಬಿದ್ದ. "ತಿರುಗದೇ ಸುಮ್ಮನೆ ಬಿದ್ದಿರೋದು ಕೆಲಸ ಮಾಡ್ತಿದೆಯೋ ನಿದ್ದೆ ಮಾಡ್ತಿದೆಯೋ, ಗೊತ್ತಾಗೋದು ಹೇಗೆ? ನಮ್ಮ ಆಫೀಸಲ್ಲೇ ಗೊತ್ತಾಗಲ್ಲ."

"ಹಾಗಾದ್ರೆ ತಿರುಗೋದು ತಗೊಳ್ಳಿ ಸಾರ್. ಸ್ವಲ್ಪ ಸದ್ದಿರುತ್ತೆ."

"ಎಷ್ಟು ಸದ್ದು? ಕೇಳಿಸಿ."

ಅಂಗಡಿಯವನು ಒಂದೊಂದಾಗಿ ಓಡಿಸಿದ. ಸೆಕ್ರೆಟರಿ ಕಣ್ಣು ಮುಚ್ಚಿ ಒಂದೊಂದಕ್ಕೂ ಕಿವಿಯಿಟ್ಟ. ಕೊನೆಯದಕ್ಕೂ ಇಟ್ಟಾಯಿತು, ಇನ್ನೇನು ನೆಪ ಹುಡುಕಲಿ ಎಂದು ಒದ್ದಾಡುತ್ತಿರುವಾಗ ಹಿಂದಿನಿಂದ ಒಂದು ಮೆತ್ತನೆಯ ದನಿ ಕೇಳಿಸಿತು.

"ಎಡಗಿವೀಲೂ ಒಂದ್ಸಲ ಕೇಳಿಬಿಡಿ."

ಮಾತಾಡಿದವರು ಯಜಮಾನರು! ಸೆಕ್ರೆಟರಿ ಬೆಚ್ಚಿದ. ನನ್ನ ಆಟ ತಿಳಿದೇ ಕೆಣಕುತ್ತಿದ್ದಾರೋ ಏನೋ ಅನ್ನಿಸಿತು. ಆದರೂ ಎಡಗಿವಿಯನ್ನಿಟ್ಟು ಮತ್ತೆ ಮೊದಲಿಂದ ಕೇಳಿದ.

"ಬಿಸಿ ಎಷ್ಟಾಗುತ್ತೆ?" ಯಜಮಾನರು ಅಂಗಡಿಯವನನ್ನು ಕೇಳಿದರು. "ಬಾಯಲ್ಲಿ ಹೇಳಬೇಡಿ. ಓಡಿಸಿಡಿ, ಮುಟ್ಟಿ ನೋಡ್ತೀವಿ."

ಇಬ್ಬರೂ ಜ್ವರದ ಮಗುವಿನ ಹಣೆ ಮುಟ್ಟುವಂತೆ ಡಿಸ್ಕಿನ ಮೇಲೆ ಕೈಯಿಟ್ಟು ಕೂತರು. ಡಾಕ್ಟರು ಗಡಿಯಾರ ನೋಡಿದರು, ಮೇಲೆ ನೋಡಿದರು, ಮತ್ತೆ ಗಡಿಯಾರ ನೋಡಿದರು.

"ಕೆಳಗೆ ಬಿದ್ರೆ?" ಅಂದ ಸೆಕ್ರೆಟರಿ.

"ಯಾವ ಎತ್ತರದಿಂದ ಬಿದ್ರೆ, ಅದನ್ನೂ ಕೇಳಿ," ಅಂದರು ಯಜಮಾನರು.

"ಕಪ್ಪು ಬಣ್ಣದ್ದು ಬೇಗ ಧೂಳು ಹಿಡಿಯಲ್ವಾ?"

"ಬಿಳೀದು ಬೇಗ ಕಪ್ಪಾಗುತ್ತಲ್ಲ!"

"ಒಂದೇ ಅಂಗಡಿ ನೋಡಿ ತಗೊಂಡ್ರೆ ಜನ ಏನಂತಾರೆ?"

"ಆ ಕೊನೇ ಬೀದೀಲೂ ಒಂದಂಗಡಿ ಇದೆ," ಅಂದರು ಯಜಮಾನರು. "ನಡ್ಕೊಂಡೇ ಹೋಗೋಣ."

ಕೊನೇ ಬೀದಿಯಲ್ಲೂ ಕಿವಿ, ಕೈ, ಬಣ್ಣ ಎಲ್ಲ ಆಯಿತು. ಅಲ್ಲಿಂದ ಮತ್ತೊಂದಕ್ಕೆ, ಅಲ್ಲಿಂದ ತಿರುಗಿ ಮೊದಲಿನದಕ್ಕೇ. ಇವರ ತಲೆ ಕಂಡದ್ದೇ ಮೊದಲನೆಯವನು ಷಟರ್ ಎಳೆಯಲು ಓಡಿದ. ಡಾಕ್ಟರ ತಾಳ್ಮೆ ಕಟ್ಟೆಯೊಡೆಯಿತು.

"ಇಷ್ಟೊತ್ತಿಗೆ ನಾನು ಒಂದು ಬಾಯಿ ಹಲ್ಲು ಪೂರ್ತಿ ಕಿತ್ತು, ಹೊಸ ಸೆಟ್ಟು ಕೂರಿಸಿ ಕಳಿಸಿರ್ತಿದ್ದೆ ಕಣ್ರೀ! ಹೋಗ್ಲಿ, ನಾನೇ ಕೊಡಿಸ್ತೀನಿ!" ಎಂದು ಕೈಗೆ ಸಿಕ್ಕಿದ ಡಬ್ಬಿಯನ್ನು ಬಾಚಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಯಜಮಾನರಿಗೆ ಮಂಡಿನೋವು ಬಂದು ಕಂಡ ಕಂಡ ಬೆಂಚಿನ ಮೇಲೆಲ್ಲ ಕೂತರು. ಸೆಕ್ರೆಟರಿ ತುಂಬು ಸಹಾನುಭೂತಿಯಿಂದ ಅವರ ಪಕ್ಕದಲ್ಲೇ ಕೂತ.

ಮನೆ ತಲುಪುವಾಗ ಬೀದಿ ದೀಪ ಹತ್ತಿತ್ತು. ಹೆಡ್‌ಮಿಸ್ಟ್ರೆಸ್ ಸೆಕ್ರೆಟರಿಯ ಮನೆಯ ಸೋಫಾದಲ್ಲಿ ಕೂತು ಕಾಯುತ್ತಿದ್ದರು. ಡಾಕ್ಟರು ವೈರು ಚುಚ್ಚಿದರು. ಲ್ಯಾಪ್‌ಟಾಪು ತಕ್ಷಣ ತೆರೆಯಿತು. ತೆರೆಯದೇ ಇರಲು ಅದಕ್ಕೇನೂ ಕಾರಣವಿರಲಿಲ್ಲ.

"ನೋಡಿದ್ರಾ? ನಾನು ಆರಿಸಿದ ಡಿಸ್ಕು!" ಡಾಕ್ಟರು ಎದೆಯುಬ್ಬಿಸಿದರು.

ಆ ಬೆಳಗ್ಗೆಯದನ್ನು ಹುಡುಕಿದರು. ಇರಲಿಲ್ಲ. ಒರೆಸಿದ ಕರಿಹಲಗೆಯ ಹಾಗೆ ಖಾಲಿ. ಸೆಕ್ರೆಟರಿ ಮುಖವನ್ನು ಎಷ್ಟು ಸಾಧ್ಯವೋ ಅಷ್ಟು ಬಾಡಿಸಿಕೊಂಡ. ಒಳಗೊಳಗೆ ಕುಣಿದುಬಿಡುವಷ್ಟು ಸಂತೋಷವಾಗಿತ್ತು.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸೆಕ್ರೆಟರಿ ಯಾರು?"

"ನಾನು ಮೇಡಂ."

"ಲ್ಯಾಪ್‌ಟಾಪು ಯಾರ ಸುಪರ್ದಿ?"

"ನಂದೇ ಮೇಡಂ."

"ಒಂದು ಡಬ್ಬಿ ಆರಿಸೋಕೆ ಇಡೀ ದಿನ ತಗೊಂಡು ಸಾಕ್ಷಿ ಕಳೆದವರು ಯಾರು? ಸರಿ. ನಾಳೆ ಬೆಳಗ್ಗೆಯಿಂದ ನೀರು ನೀವೇ ಹೊರಬೇಕು. ಒಂದು ವರ್ಷ." ಹೇಳಿ ಎದ್ದು ನಡೆದರು. ಡಾಕ್ಟರೂ ಹೊರಟರು.

ಸೆಕ್ರೆಟರಿ ತಾನೇ ಸಮಾಧಾನ ಮಾಡಿಕೊಂಡ. ಹೋಗಲಿ, ಒಡೆದದ್ದು ನಾನೇ ತಾನೇ? ಕಾರು ಗುದ್ದಿ ಓಡಿದವನೆಂಬ ಹೆಸರಾದರೂ ತಪ್ಪಿತಲ್ಲ.

ಆಗ ಹಿಂದೆಯೇ ಉಳಿದಿದ್ದ ಯಜಮಾನರು ಬಾಗಿಲು ಮುಂದೆ ಮಾಡಿ ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ನಿಮ್ಮಂಥ ದೊಡ್ಡ ಮನಸ್ಸು ನಾನು ನೋಡೇ ಇಲ್ಲ. ಸೆಕ್ರೆಟರಿ ಆದವರು ರೆಕಾರ್ಡಿಂಗ್ ನೋಡದೇ ಇರ್ತೀರಾ? ನೋಡಿಯೂ ನನಗೋಸ್ಕರ ಡಿಸ್ಕ್ ತುಂಬಿದೆ ಅಂತ ಸುಳ್ಳು ಹೇಳಿದ್ರಿ, ಇಡೀ ದಿನ ಊರು ಅಲೆದ್ರಿ!"

"ನಿಮಗೋಸ್ಕರ?"

"ಅವತ್ತು ನಸುಕಲ್ಲಿ ಆ ಕುಂಡದ ಹಿಂದೆ ಕದ್ದು ಸಿಗರೇಟು ಸೇದೋಕೆ ಹೋಗಿ ಎಡವಿದೆ. ಸರಿಯಾಗಿ ಎರಡು ಹೋಳಾಯ್ತು. ಜೋಡಿಸಿ ನಿಲ್ಲಿಸಿ ಓಡಿಬಂದೆ. ಆಮೇಲೆ ನಿಮ್ಮ ಕಾರು ಬಂತು. ಕುಂಡಕ್ಕೆ ತಾಗಲೇ ಇಲ್ಲ, ಪಾಪ, ಗೇಟಿನ ಕಂಬಕ್ಕೆ ತಾಗ್ತು. ಆ ಸದ್ದಿಗೇ ಹೋಳು ಕಳಚಿ ಬಿದ್ದುಬಿಡ್ತು. ಎಲ್ಲಾ ಕಿಟಕಿಯಿಂದ ನೋಡ್ತಾ ಇದ್ದೆ. ಕ್ಯಾಮೆರಾದಲ್ಲೂ ಎಷ್ಟು ಸ್ಪಷ್ಟವಾಗಿ ಬಂದಿರಬೇಕು!"

ಸೆಕ್ರೆಟರಿ ಲ್ಯಾಪ್‌ಟಾಪಿನ ಖಾಲಿ ಪರದೆಯ ಕಡೆ ತಿರುಗಿ ನೋಡಿದ.

"ಈ ಉಪಕಾರ ಮರೆಯಲ್ಲ," ಅಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತ. "ನಾಳೆ ಮೊದಲನೇ ಬಕೆಟ್ ನಾನೇ ತುಂಬಿಸಿ ಕೊಡ್ತೀನಿ. ಹೊರೋದು ಮಾತ್ರ ನೀವೇ. ಅವಳು ನೋಡಿದ್ರೆ ಅನುಮಾನ ಬರುತ್ತೆ."