ನಾಲ್ಕನೇ ಮಹಡಿಯ ಬುಟ್ಟಿ

ಅನಿಯೆಲ್ಲೊನ ಆ ದಿನದ ಗ್ರಹಚಾರಕ್ಕೆಲ್ಲ ಕಾರಣ ಒಂದು ಹಸಿರು ಸೋಫಾ. ಅದು ಹಗ್ಗಕ್ಕೆ ಜೋತುಬಿದ್ದು ಓಣಿಯ ನಡುಮಧ್ಯೆ, ಎರಡನೇ ಮಹಡಿಯ ಎತ್ತರದಲ್ಲಿ ತೂಗಾಡುತ್ತಿತ್ತು.

ನಮ್ಮ ನೇಪಲ್ಸಿನ ಹಳೆಯ ಮನೆಗಳ ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಗಿಹಿಡಿದು ಗೋಡೆಗೆ ಅಂಟಬೇಕು. ಹಾಗಾಗಿ ಸೋಫಾ, ಬೀರುಗಳು ಬಾಲ್ಕನಿಯಿಂದಲೇ ಹತ್ತುತ್ತವೆ, ಇಳಿಯುತ್ತವೆ. ಈ ಸೋಫಾ ಅರ್ಧ ಹತ್ತಿ, ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಕೊಂಡಿತ್ತು. ಮೇಲಿದ್ದವರು ಬಿಡಿ ಅನ್ನುತ್ತಿದ್ದರು, ಕೆಳಗಿದ್ದವರು ಎಳೀರಿ ಅನ್ನುತ್ತಿದ್ದರು. ಅದರ ಹರಿದ ಕೈಯನ್ನು ಎಲ್ಲೋ ನೋಡಿದಂತಿದೆಯಲ್ಲ ಅಂತ ಅನಿಯೆಲ್ಲೊನಿಗೆ ಅನ್ನಿಸಿತು. ಆದರೆ ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಅವನ ಬೆನ್ನ ಹಿಂದೆ ಆರು ಮಂದಿ ವಿದೇಶಿಯರು ನಿಂತಿದ್ದರು. ಅವರ ಹಿಂದೆ ಪ್ರವಾಸ ಕಚೇರಿಯ ಒಡತಿ ಎಲ್ವಿರಾ ನಿಂತಿದ್ದಳು.

ಅಂದು ಅವನಿಗೆ ಪರೀಕ್ಷೆ. ಸಮುದ್ರ, ಕೋಟೆ, ಅರಮನೆ ನೋಡಿ ಸಾಕಾದವರನ್ನು ನಮ್ಮ ಮಾತೆರ್ದೇಯಿಯಂಥ, ಯಾರೂ ಕೇಳದ ಕೇರಿಗಳಲ್ಲಿ ನಡೆಸಿಕೊಂಡು ಹೋಗಿ ಕತೆ ಹೇಳುವ ಕೆಲಸ. ಗೆದ್ದರೆ ನೌಕರಿ. ಅವನು ಕೈಗವಸು ಹೊಲಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹೆಂಡತಿ ಇಮ್ಮಾಳ ಇಸ್ತ್ರಿ ಕೆಲಸದಲ್ಲೇ ಮನೆ ನಡೆಯುತ್ತಿತ್ತು. ವಾಸ ಅತ್ತೆಯ ಮನೆಯಲ್ಲಿ.

ಅತ್ತೆಯ ಮನೆಯಲ್ಲಿರುವುದು ಅಂದರೆ ಅತ್ತೆಯ ಬುಟ್ಟಿಯ ಕೆಳಗಿರುವುದು. ದೊನ್ನ ನುನ್ಸಿಯಾ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಬ್ರೆಡ್ಡು ತಾ, ಟೊಮೆಟೊ ತಾ, ಹೋಗಿ ಬದಲಾಯಿಸಿಕೊಂಡು ಬಾ ಅಂತ ಅಳಿಯನನ್ನು ದಿನವಿಡೀ ಓಡಿಸುತ್ತಿದ್ದಳು. ಬುಟ್ಟಿ ಮೂಗಿನ ಮುಂದೆ ಬಂದು ನಿಂತ ಮೇಲೂ ಕಾಣದವನಂತೆ ಹೋಗುವವನನ್ನು ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೌಕರಿ ಸಿಕ್ಕರೆ 'ಡ್ಯೂಟಿ ಮೇಲಿದ್ದೀನಿ ಅತ್ತೆ' ಅನ್ನಬಹುದು. ಆ ಒಂದು ವಾಕ್ಯ ಹೇಳಲಿಕ್ಕಾಗಿ ಅವನು ತಿಂಗಳಿಂದ ಇಸವಿಗಳನ್ನು ಉರುಹೊಡೆದಿದ್ದ. ದಾರಿಯನ್ನೂ ಅತ್ತೆಯ ಓಣಿ ತಪ್ಪುವ ಹಾಗೆ ಹುಷಾರಾಗಿ ಹಾಕಿಕೊಂಡಿದ್ದ.

"ಆ ಸೋಫಾ ಕೆಳಗೆ ನಡೆಯೋದು ಬೇಡ, ಪಕ್ಕದ ಓಣಿಯಿಂದ ಹೋಗೋಣ ಬಿಡಿ," ಅಂದಳು ಎಲ್ವಿರಾ.

ಅದು ಅತ್ತೆಯ ಓಣಿ. ಅಲ್ಲಿ ನೋಡುವಂಥದ್ದೇನೂ ಇಲ್ಲ ಅಂದ ಅನಿಯೆಲ್ಲೊ. ಹಾಗಾದರೆ ನೋಡಲೇಬೇಕು ಅಂತ ಗಡ್ಡದ ಡೇನಿಷ್ ಮನುಷ್ಯ ಮುಂದೆ ನಡೆದೇಬಿಟ್ಟ.

ಅನಿಯೆಲ್ಲೊ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಗೋಡೆಯ ಪಕ್ಕದಲ್ಲೇ ಸರಿಯುತ್ತ, ಅಲ್ಲಿದ್ದ ಕಲ್ಲಿನ ಕಮಾನಿನ ಇಸವಿ ಹೇಳಲು ಬಾಯಿ ತೆರೆದ. ಇಸವಿ ಮರೆತುಹೋಗಿತ್ತು. ತೆರೆದ ಬಾಯಿಯ ಎದುರಿಗೇ ಬುಟ್ಟಿ ಬಂದು ನಿಂತಿತು.

"ಅನಿಯೇ, ಒಂದು ಕಂತೆ ಕಾಮಕಸ್ತೂರಿ ಸೊಪ್ಪು. ಬಾಡಿದ್ದು ತರಬೇಡ."

ಅವನು ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಇದು ಸ್ಪೇನಿನವರು ಇಲ್ಲಿ ಆಳುತ್ತಿದ್ದ ಕಾಲದ ತೂಕದ ಸಾಧನ ಅಂತ ವಿದೇಶಿಯರಿಗೆ ವಿವರಿಸಿದ. ಬುಟ್ಟಿ ತೂಗಿ ಬಂದು ಅವನ ಕಿವಿಗೆ ಬಡಿಯಿತು. ಎದುರು ಅಂಗಡಿಯ ಕ್ಷೌರಿಕ ಪಾಸ್ಕಾಲೆ ಗಿರಾಕಿಯ ಅರ್ಧ ಕೆನ್ನೆಯನ್ನು ಹಾಗೇ ಬಿಟ್ಟು ಹೊರಗೆ ಬಂದ.

"ಏನಯ್ಯಾ, ನಿಮ್ಮತ್ತೆ ಕರೀತಿರೋದು ಕೇಳಿಸ್ತಿಲ್ವಾ? ವಿದೇಶಿಯರ ಮುಂದೆ ನಿಂತ್ರೆ ಕಿವಿ ಮುಚ್ಚಿಹೋಗುತ್ತಾ?"

ಮಾನ ಹೋಗುವುದಕ್ಕಿಂತ ಸೊಪ್ಪು ತರುವುದೇ ವಾಸಿ ಅಂತ ಅನಿಯೆಲ್ಲೊ ಬುಟ್ಟಿ ಹಿಡಿದ. ಇವನು ಹೇಗೂ ಅಂಗಡಿಗೆ ಹೊರಟ ಅಂತ ಗೊತ್ತಾದದ್ದೇ ತಡ, ಎರಡೂ ಕಡೆಯ ಬಾಲ್ಕನಿಗಳಿಂದ ಬುಟ್ಟಿಗಳು ಇಳಿದವು. ಒಬ್ಬಳಿಗೆ ಈರುಳ್ಳಿ, ಒಬ್ಬಳಿಗೆ ಸಾಬೂನು. ಮೂರನೆಯ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಒಂದು ಹಲ್ಲುಸೆಟ್ಟು ಇತ್ತು. ಅದನ್ನು ರಿಪೇರಿಯವನಿಗೆ ಮುಟ್ಟಿಸಬೇಕಿತ್ತು. ಹಾಲೆಂಡಿನ ನಿವೃತ್ತ ಟೀಚರಮ್ಮ ಹಲ್ಲುಸೆಟ್ಟನ್ನು ತಾನೇ ಒಯ್ಯುವೆನೆಂದು ಕೈಚಾಚಿದಳು. ಡೇನಿಷ್ ಮನುಷ್ಯ ಈರುಳ್ಳಿಗೆ ಹೊರಟ. ಅನಿಯೆಲ್ಲೊ ಎಲ್ವಿರಾಳ ಮುಖ ನೋಡಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಳುವನ್ನು ತಡೆಯುತ್ತಿದ್ದಾಳೆ ಅಂತ ಅವನಿಗನ್ನಿಸಿತು.

ಅವನು ಸೊಪ್ಪು ಹಿಡಿದು ಬೆವರು ಸುರಿಸುತ್ತ ಬಂದಾಗ ದೊನ್ನ ನುನ್ಸಿಯಾ ಬಾಲ್ಕನಿಯ ಕಂಬಿಗೆ ಮೊಣಕೈಯೂರಿ ಭಾಷಣ ನಡೆಸಿದ್ದಳು. ಎಲ್ವಿರಾ ಅದನ್ನು ವಿದೇಶಿಯರಿಗೆ ತಿಳಿಸಿ ಹೇಳುತ್ತಿದ್ದಳು. ಎದುರು ಮನೆಯ ಹುಡುಗಿ ಯಾರ ಜೊತೆ ಓಡಿಹೋದಳು, ಯಾಕೆ ವಾಪಸು ಬಂದಳು, ಪಾಸ್ಕಾಲೆಯ ತಲೆಯ ಮೇಲಿರುವುದರಲ್ಲಿ ಅವನ ಸ್ವಂತದ ಕೂದಲೆಷ್ಟು, ಎಲ್ಲ ಬಂತು. ಹಿಂದೆ ಒಬ್ಬ ರಾಜ ಅವಳ ಮನೆಯ ಮಂಚದ ಕೆಳಗೆ ಅಡಗಿ ಕೂತಿದ್ದ ಕತೆಯೂ ಬಂತು. ಆ ಮಂಚ ಅವಳ ಮದುವೆಗೆ ಕೊಂಡದ್ದೆಂದು ಓಣಿಗೆಲ್ಲ ಗೊತ್ತು. ಆದರೂ ಎಲ್ಲರೂ ಹೌದೌದೆಂದು ತಲೆಯಾಡಿಸಿದರು. ಆಮೇಲೆ ಅದೇ ಬುಟ್ಟಿಯಲ್ಲಿ ಕಾಫಿ ಇಳಿಯಿತು. ಒಂದು ಹನಿ ಚೆಲ್ಲಿರಲಿಲ್ಲ. ಡೇನಿಷ್ ಮನುಷ್ಯ ಕಣ್ಣೊರೆಸಿಕೊಂಡು, ಹೀಗೆ ಮನೆಯವರಂತೆ ತನ್ನನ್ನು ಯಾರೂ ಎಲ್ಲೂ ಅಂಗಡಿಗೆ ಕಳಿಸಿರಲಿಲ್ಲ ಅಂದ.

ವಿದೇಶಿಯರು ಹೋದ ಮೇಲೆ ಅನಿಯೆಲ್ಲೊ ಟೋಪಿ ತೆಗೆದು ತಲೆತಗ್ಗಿಸಿ ನಿಂತ. "ತಪ್ಪಾಯ್ತು, ಎಲ್ವಿರಾ ಅವರೇ."

"ತಪ್ಪೇನು ಬಂತು? ಸೋಮವಾರದಿಂದ ಕೆಲಸಕ್ಕೆ ಬನ್ನಿ," ಅಂದಳು ಎಲ್ವಿರಾ.

ಇಮ್ಮಾ ಇನ್ನು ಭಾನುವಾರವೂ ಇಸ್ತ್ರಿ ಹಿಡಿಯಬೇಕಿಲ್ಲ ಅನ್ನುವುದೊಂದೇ ಅವನಿಗೆ ಮೊದಲು ಹೊಳೆದದ್ದು. ಎಲ್ವಿರಾಳ ಕೈಹಿಡಿದು ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಂದ.

"ಕತೆ ಹೇಳೋದು ನಿಮ್ಮತ್ತೆ," ಅವಳು ಮುಂದುವರಿಸಿದಳು. "ಅವರು ಆಗಲೇ ಒಪ್ಪಿದ್ದಾರೆ. ನೀವು ಕೆಳಗಡೆ ಇರಬೇಕು. ಬುಟ್ಟಿ ಬಂದಾಗ ಸಾಮಾನು ತಂದ್ಹಾಕಬೇಕು. ಇವತ್ತು ಮಾಡಿದ್ರಲ್ಲ, ಹಾಗೇ."

ಅನಿಯೆಲ್ಲೊ ಮೆಟ್ಟಿಲು ಹತ್ತಿ ಮನೆಗೆ ಬಂದ. ನಗಬೇಕೋ ಅಳಬೇಕೋ ಆಮೇಲೆ ನೋಡೋಣ, ಮೊದಲು ತನ್ನ ಸೋಫಾದ ಮೇಲೆ ಸ್ವಲ್ಪ ಬಿದ್ದುಕೊಳ್ಳೋಣ ಅಂತ ಹೋದರೆ ಅಲ್ಲಿ ಬರಿಯ ನೆಲವಿತ್ತು.

"ಅತ್ತೆ, ನನ್ನ ಸೋಫಾ ಎಲ್ಲಿ?"

"ನನ್ನ ತಮ್ಮನ ಮಗನಿಗೆ ಕೊಟ್ಟೆ. ನೀನು ಬೆಳಿಗ್ಗೆ ಹೊರಟ ಮೇಲೆ ಇಳಿಸಿದ್ವಿ."

ತಮ್ಮನ ಮಗನ ಮನೆ ಸೋಫಾ ತೂಗಾಡುತ್ತಿದ್ದ ಆ ಓಣಿಯಲ್ಲೇ ಇತ್ತು. ಹಸಿರು ಬಣ್ಣ, ಹರಿದ ಕೈ, ತಂತಿ, ಎಲ್ಲ ಒಟ್ಟಿಗೆ ಅನಿಯೆಲ್ಲೊನ ಕಣ್ಮುಂದೆ ಬಂತು.

"ಬೇಕಂತಲೇ ಸಿಕ್ಕಿಸಿದ್ರಾ?"

"ಮತ್ತೇನ್ ಮಾಡ್ಲಿ? ತಿಂಗಳಿಂದ ಆ ಸೋಫಾ ಮೇಲೆ ಬಿದ್ಕೊಂಡು ಪಾಠ ಒಪ್ಪಿಸ್ತಿದ್ದೆ. ಒಂದು ಇಸವಿನಾದ್ರೂ ನೆಟ್ಟಗೆ ಬಂತಾ? ಆ ದಾರೀಲಿ ಹೋಗಿದ್ರೆ ಮುಗೀತಿತ್ತು ನಿನ್ ಕತೆ. ಇಲ್ಲಿಗೆ ಬಂದ್ರೆ ನಾನಿರ್ತೀನಲ್ಲ."

ಅನಿಯೆಲ್ಲೊನ ಕಣ್ಣು ಮಂಜಾಯಿತು. ತನ್ನ ಸಲುವಾಗಿ ಇಷ್ಟೊಂದು ಕುತಂತ್ರ ಮಾಡಿದವರು ಜನ್ಮದಲ್ಲಿ ಯಾರೂ ಇರಲಿಲ್ಲ. ಬಗ್ಗಿ ಅವಳ ಕೈಗೆ ಮುತ್ತಿಟ್ಟ. ನಿಮ್ಮ ಋಣ ತೀರಿಸಕ್ಕಾಗಲ್ಲ ಅತ್ತೆ ಅಂದ. ನಿಜವಾಗಿ ಮನಸ್ಸು ತುಂಬಿಯೇ ಅಂದ.

"ತೀರಿಸಬಹುದು ಬಿಡು," ಅಂದಳು ದೊನ್ನ ನುನ್ಸಿಯಾ, ಹಗ್ಗದ ಸಿಕ್ಕು ಬಿಡಿಸುತ್ತ. "ನೀನು ತಂದ ಸೊಪ್ಪನ್ನ ಆ ಗಡ್ಡದವ್ನು ನೆನಪಿಗೆ ಇರ್ಲಿ ಅಂತ ತಗೊಂಡೋದ. ಕೆಳಗೆ ಹೋಗು, ಬುಟ್ಟಿ ಬಿಡ್ತೀನಿ."

ಅನಿಯೆಲ್ಲೊ ಟೋಪಿ ಹಾಕಿಕೊಂಡು ಮತ್ತೆ ನಾಲ್ಕು ಮಹಡಿ ಇಳಿದ. ಹೇಗೂ ಬಿದ್ದುಕೊಳ್ಳಲು ಸೋಫಾ ಇರಲಿಲ್ಲ.