ಬೋರ್ಡಿನಲ್ಲಿ ಇವತ್ತು ಯಾವ ಕಡೆ?

ಎಡ ಯಾವುದು, ಬಲ ಯಾವುದು ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ಇವತ್ತಿಗೂ ಉಣ್ಣುವ ಕೈಯನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಂಡೇ ಉತ್ತರ ಹೇಳುವುದು. ಇಂಥವನಿಗೆ ಎಂಬತ್ತರ ದಶಕದಲ್ಲಿ ಮಸ್ಕಿ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತ್ತು. ಹೇಗೆ ಸಿಕ್ಕಿತೆಂದು ಹೆಂಡತಿ ಈಗಲೂ ಕೇಳುತ್ತಾಳೆ. ನನಗೂ ಸರಿಯಾಗಿ ತಿಳಿಯದು.

ಕಾಲುವೆಯ ಕೊನೆ ಭಾಗದ ರೈತರು ದಿನಾ ಬಂದು "ನೀರು ಏರಾಕತ್ತೈತೋ, ಇಳಿಯಾಕತ್ತೈತೋ?" ಎಂದು ಕೇಳಿ ನಮ್ಮ ಸಾಹೇಬರ ತಲೆ ತಿಂದಿದ್ದರು. "ಹದಿನೈದು ದಿನದ ನೀರಿನ ಮಟ್ಟ ಒಂದೇ ನೋಟಕ್ಕ ಕಾಣಬೇಕು, ಹಂಗ ಹೊರಗ ಒಂದು ಬೋರ್ಡ್ ಮಾಡ್ರಿ" ಎಂದು ಸಾಹೇಬರು ನನಗೆ ಹೇಳಿದರು. ಅಂಕಿಗಳ ಪಟ್ಟಿ ಬರೆಯಲೇ, ಕಂಬಗಳನ್ನು ನಿಲ್ಲಿಸಲೇ, ಚುಕ್ಕಿ ಸೇರಿಸಿ ಗೆರೆ ಎಳೆಯಲೇ? ಮೂರು ವಾರ ಮೂರನ್ನೂ ಬರೆದೆ, ಒರೆಸಿದೆ. ಮನೆಯಲ್ಲಿ ರೊಟ್ಟಿ ಮಾಡುವ ಪರಾತದ ಹಿಟ್ಟಿನ ಮೇಲೂ ಬೆರಳಿನಿಂದ ಗೆರೆ ಎಳೆದು ಬೈಸಿಕೊಂಡೆ. ಕೊನೆಗೆ ಗೆರೆಯೇ ಗೆದ್ದಿತು. ತಾರೀಖು ಬರೆದರೆ ಅಂದ ಕೆಡುತ್ತದೆಂದು ಅದನ್ನು ಬಿಟ್ಟೆ. ದಿನಕ್ಕೊಂದು ಚುಕ್ಕಿ ಇಟ್ಟು ಗೆರೆ ಮುಂದುವರಿಸುವ ಕೆಲಸವನ್ನು, ಕಾಲುವೆಯ ಅಳತೆಪಟ್ಟಿ ನೋಡುವ ಖಾಸಿಂ ಸಾಬರಿಗೆ ಒಪ್ಪಿಸಿ, ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಲಿಂಗಸುಗೂರಿಗೆ ಹೋದೆ. ಹೋಳಿಗೆಯ ಆಸೆಗೆ ಎರಡು ವಾರ ಅಲ್ಲೇ ಕುಳಿತೆ.

ತಿರುಗಿ ಬಂದು ನೋಡಿದರೆ ಗೆರೆ ಎಡದಿಂದ ಬಲಕ್ಕೆ ಚೆನ್ನಾಗಿ ಏರಿತ್ತು. ನೀರನ್ನು ನಾನೇ ಏರಿಸಿದಷ್ಟು ಖುಷಿಯಾಯಿತು. ಅಷ್ಟರಲ್ಲಿ ಜವಳಗೇರಾ ಕಡೆಯ ರೈತ ಹೆಂಗಸು ಬಸಮ್ಮ ಬಂದರು. "ತಮ್ಮಾ, ನಾಳಿ ನಾಟಿಗೆ ಸಸಿ ಕೀಳಸಲೇನು? ಕಿತ್ತ ಮ್ಯಾಲ ನೀರು ಬರಲಿಲ್ಲಂದ್ರ ಈ ಸಲದ ನೆಲ್ಲು ಹೋತು."

"ಬೋರ್ಡ್ ನೋಡಬೇ ಯವ್ವಾ, ನೀರು ಏರಾಕತ್ತೈತಿ. ಕೀಳಸು" ಎಂದೆ. ಅವರು ಬಸ್ಸಿಗೆ ಹೊರಟರು.

ಆಮೇಲೆ ಖಾಸಿಂ ಸಾಬರು ಬಂದರು. "ನೀರು ಭಾಳ ಛಲೋ ಏರೈತಲ್ರೀ" ಎಂದೆ.

"ಎಲ್ಲಿ ಏರೈತ್ರೀ ಸಾಬ್? ಎರಡು ವಾರದಿಂದ ಇಳಿಯಾಕತ್ತೈತಿ."

"ಮತ್ತ ಈ ಗೆರೆ?"

"ನಾ ಬಲಗಡಿಯಿಂದ ಶುರು ಮಾಡೀನ್ರಿ. ಕಲ್ತಿದ್ದು ಉರ್ದು ಸಾಲ್ಯಾಗ. ಯಾ ಕಡಿಯಿಂದ ಅಂತ ನೀವೂ ಹೇಳಿ ಹೋಗಿಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಒಬ್ಬರ ಇಡೀ ಬೆಳೆಯನ್ನು ನನ್ನ ಅಂದದ ಗೆರೆಯ ಮೇಲೆ ನೇತುಹಾಕಿ ಕಳಿಸಿದ್ದೆ. ಸೈಕಲ್ ಹತ್ತಿ ಓಡಿಸಿದೆ. ಬಸಮ್ಮ ಬಸ್ಸಿನ ದಾರಿಯಲ್ಲಿ ಕಾಲುವೆಯ ಸೇತುವೆಯ ಮೇಲೆ ಬಗ್ಗಿ ನೋಡುತ್ತ ನಿಂತಿದ್ದರು.

"ಯವ್ವಾ, ಕೀಳಸಬ್ಯಾಡ! ನೀರು ಇಳಿಯಾಕತ್ತೈತಿ!" ಎಂದು ಏದುಸಿರು ಬಿಟ್ಟೆ.

"ನಂಗೂ ಈಗ ಗೊತ್ತಾತು. ನೀರಿನ ಮ್ಯಾಲ ಗೇಣುದ್ದ ಕಲ್ಲು ಇನ್ನಾ ಹಸಿ ಐತಿ, ನೋಡು. ನಿನ್ನಿ ಅಲ್ಲೀತನ ನೀರಿತ್ತು. ಅದರ ಮ್ಯಾಲ ರಾಡಿ ಒಣಗೇತಿ, ಅದು ಮೊನ್ನಿದು. ಅದಕ್ಕೂ ಮ್ಯಾಲಿನ ಗೆರಿ ಹೋದ ವಾರದ್ದು." ಹದಿನೈದು ದಿನದ ನೀರು ಒಂದೇ ನೋಟಕ್ಕೆ ಕಾಣುತ್ತಿತ್ತು. ನಾನು ಮೂರು ವಾರ ಬರೆದು ಒರೆಸಿದ್ದು ಇದನ್ನೇ.

"ಅಲ್ಲ ತಮ್ಮಾ, ನಿನ್ನ ಬೋರ್ಡಿನಾಗ ಇವತ್ತು ಯಾ ಕಡಿ ಐತಿ?" ಎಂದು ಬಸಮ್ಮ ಕೇಳಿದರು.

ಸೈಕಲ್ಲಿನ ಹಿಡಿಕೆಯಿಂದ ಉಣ್ಣುವ ಕೈ ತೆಗೆದು ಅಲ್ಲಾಡಿಸಿ ನೋಡಿಕೊಂಡೆ. ಬಲ ಯಾವುದೆಂದು ತಿಳಿಯಿತು. ಅಲ್ಲಿರುವುದು ನನ್ನ ಇವತ್ತೋ, ಖಾಸಿಂ ಸಾಬರ ಇವತ್ತೋ ಎಂಬುದು ಮಾತ್ರ ನೆನಪಾಗಲಿಲ್ಲ.