ಹೆರಿಗೆ ವಾರ್ಡಿಗೆ ‘ಹೌವೆವರ್’ ಕಲಿಸಿದ ಯಂತ್ರಕ್ಕೆ

ಮಾನ್ಯರೇ,

ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳನ್ನು ಮನುಷ್ಯರ ಹಂಗಿಲ್ಲದೆ ತಾವೊಬ್ಬರೇ ಓದಿ, ತಾವೊಬ್ಬರೇ ಅಂಕ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬರ ಹಣೆಬರಹ ಬರೆದು ಮುಗಿಸುವ ಯಂತ್ರ ಮಹಾಶಯರಿಗೆ, ಹೆರಿಗೆ ವಾರ್ಡಿನ ನರ್ಸ್ ಒಬ್ಬಳ ಅತ್ತೆಯಾದ ನಾನು ಮಾಡುವ ನಮಸ್ಕಾರಗಳು. ತಮ್ಮ ಪಾದ ಎಲ್ಲಿದೆಯೆಂದು ತಿಳಿಯದ ಕಾರಣ ಮಗನ ಕಂಪ್ಯೂಟರಿನ ಕಡೆಗೇ ಕೈ ಮುಗಿದಿದ್ದೇನೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಹೊಟ್ಟೆ ಎಂಬುದೊಂದು ಇದ್ದರೆ.

ಸೊಸೆಯ ಪರವಾಗಿ ಅತ್ತೆ ಅರ್ಜಿ ಬರೆಯುವುದು ಲೋಕದಲ್ಲಿ ಅಷ್ಟಾಗಿ ನಡೆಯುವ ಸಂಗತಿಯಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರನ್ನೂ ಒಂದೇ ಕಾಲಕ್ಕೆ ಒಂದೇ ಪಕ್ಷಕ್ಕೆ ಸೇರಿಸಿದ ಕೀರ್ತಿ ತಮ್ಮದು. ನನ್ನ ಮಗ ಮದುವೆಯಾದಾಗಿನಿಂದ ಪ್ರಯತ್ನಿಸಿ ಸೋತ ಕೆಲಸವಿದು.

ಸಂಗತಿ ತಮಗೆ ನೆನಪಿರಲಾರದು. ವಾರ್ಡಿನ ಹಿರಿಯ ಸಿಸ್ಟರ್ ನಿವೃತ್ತರಾಗುವಾಗ ತಮ್ಮ ಜಾಗಕ್ಕೆ ನನ್ನ ಸೊಸೆಯೇ ಸರಿ ಎಂದು ಹೇಳಿ ಹೋದರು, ಡಾಕ್ಟರುಗಳೂ ಹೂಂ ಎಂದರು. ಆದರೆ ಮುಖ್ಯಸ್ಥೆಯಾಗುವವರು ತಾವು ಅಂಕ ಹಾಕುವ ಈ ಇಂಗ್ಲಿಷ್ ಪರೀಕ್ಷೆ ಪಾಸಾಗಿರಲೇಬೇಕೆಂದು ಆಸ್ಪತ್ರೆಯ ಆಡಳಿತದವರು ಹೊಸ ನಿಯಮ ತಂದರು. ಮಗು ಅಡ್ಡ ತಿರುಗಿದ್ದನ್ನು ಅಂಗೈಯಿಂದಲೇ ಕಂಡುಹಿಡಿಯುವವಳು ಮೊದಲ ಸಲ ಬರೆದು ಫೇಲಾದಳು. ವಾಕ್ಯಗಳನ್ನು ಜೋಡಿಸುವ ಪದಗಳು ಸಾಲವು ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ.

ಆಮೇಲೆ ಅವಳು ಟ್ಯೂಷನ್ನಿಗೆ ಸೇರಿದಳು. ಅಲ್ಲಿನ ಮೇಷ್ಟ್ರು ಮೊದಲ ದಿನವೇ ತಮ್ಮ ಗುಟ್ಟು ರಟ್ಟು ಮಾಡಿದರಂತೆ: ತಾವು ಅರ್ಥವನ್ನು ಓದುವುದಿಲ್ಲ, ಕೊಂಡಿಗಳನ್ನು ತಡಕುತ್ತೀರಿ, ಆದ್ದರಿಂದ ಯಾವ ವಾಕ್ಯವನ್ನೂ ಬರಿಮೈಯಲ್ಲಿ ಹೊರಗೆ ಕಳಿಸಬಾರದು, ಹೌವೆವರ್, ಮೋರ್‌ಓವರ್, ದೇರ್‌ಫೋರ್ ಏನಾದರೂ ಒಂದನ್ನು ಹೊದಿಸಿಯೇ ಕಳಿಸಬೇಕು. ಆಲ್ದೋ ಬಂದ ವಾಕ್ಯದೊಳಗೆ ಬಟ್ ಕಾಲಿಡಬಾರದೆಂಬ ನಿಯಮವನ್ನೂ ಕಲಿತು ಬಂದಳು. ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆ ಬಾಳಬಹುದಂತೆ, ಒಂದೇ ವಾಕ್ಯದಲ್ಲಿ ಆ ಎರಡು ಪದಗಳು ಬಾಳಲಾರವಂತೆ. ಪದಗಳಿಗಿರುವ ಈ ಗತ್ತು ನನಗೆ ಬಹಳ ಹಿಡಿಸಿತು.

ಅಲ್ಲಿಂದ ನಮ್ಮ ಮನೆ ತಮ್ಮ ಶಾಖಾ ಕಚೇರಿಯಾಯಿತು. ಫ್ರಿಜ್ಜಿನ ಬಾಗಿಲಿಗೆ ಪದಗಳ ಪಟ್ಟಿ ಅಂಟಿತು. ಕೊಂಡಿಯಿಲ್ಲದೆ ಮಾತಾಡಿದವರು ಪಾತ್ರೆ ತೊಳೆಯಬೇಕೆಂಬ ಕಾನೂನು ಬಂದು, ಉಪ್ಪು ಕೇಳಿದ ತಪ್ಪಿಗೆ ನಾನು ದಿನಾ ತೊಳೆದೆ. ಚಪ್ಪಲಿ ಅಂಗಡಿ ನಡೆಸುವ ನನ್ನ ಮಗ ಇದೇ ಚಟದಲ್ಲಿ ಗಿರಾಕಿಯೊಬ್ಬರಿಗೆ, ಈ ಜೋಡು ತುಂಬಾ ಚೆನ್ನಾಗಿದೆ, ಹೌವೆವರ್, ಎಂದು ಹೇಳಿ ಮುಂದಿನದನ್ನು ಯೋಚಿಸುತ್ತ ನಿಂತನಂತೆ. ಗಿರಾಕಿ ಏನೋ ಐಬಿದೆಯೆಂದು ಜೋಡನ್ನು ಅಲ್ಲೇ ಬಿಟ್ಟು ಎದ್ದುಹೋದರು. ಇಲ್ಲಿಯವರೆಗೆ ನಾವು ನಗುತ್ತಿದ್ದೆವು, ಮಹಾಶಯರೇ.

ಹೆರಿಗೆ ವಾರ್ಡಿನಲ್ಲಿ ಒಂದು ಪದ್ಧತಿಯುಂಟು. ಪಾಳಿ ಮುಗಿಸಿದವಳು ಪಾಳಿಗೆ ಬಂದವಳನ್ನು ಒಂದೊಂದೇ ಮಂಚದ ಬಳಿ ನಿಲ್ಲಿಸಿ ಅಲ್ಲಿನ ವಿಷಯ ಒಪ್ಪಿಸಬೇಕು. ಕೇಳಿಸಿಕೊಂಡವಳು ಅದನ್ನೇ ತಿರುಗಿ ಹೇಳಬೇಕು. ಸರಿಯಿದ್ದರೆ ಇವಳು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋಗಬೇಕು. ಅಂದು ಸೊಸೆ, ಪರೀಕ್ಷೆ ಹತ್ತಿರ ಬಂತೆಂದು ಅಲ್ಲೂ ಅಭ್ಯಾಸ ನಡೆಸಿದಳು. ಕಿಟಕಿ ಪಕ್ಕದ ಬಾಣಂತಿಗೆ ಆಲ್ದೋ ಬ್ಲೀಡಿಂಗ್ ಇನ್ನೂ ಪೂರ್ತಿ ನಿಂತಿಲ್ಲವಾದರೂ, ನೆವರ್‌ದಲೆಸ್ ನಾಡಿ ಚೆನ್ನಾಗಿದ್ದು, ಮೋರ್‌ಓವರ್ ಮಗು ಹಾಲು ಕುಡಿದಿದ್ದು, ದೇರ್‌ಫೋರ್ ಸದ್ಯಕ್ಕೆ ಗಾಬರಿಯಿಲ್ಲ ಎಂದು ಒಪ್ಪಿಸಿದಳು. ಪಾಳಿಗೆ ಬಂದವಳಿಗೆ ಮಾತಿನ ಬಾಲವಷ್ಟೇ ಕೈಗೆ ಸಿಕ್ಕಿತು. ಗಾಬರಿಯಿಲ್ಲ ಎಂದು ತಿರುಗಿ ಹೇಳಿದಳು. ಇವಳು ತಲೆಯಾಡಿಸಿದಳು.

ಬಸ್ಸು ಹತ್ತುವಾಗ ಅವಳಿಗೆ ಹೊಳೆಯಿತಂತೆ, ತಿರುಗಿ ಬಂದದ್ದರಲ್ಲಿ ಬ್ಲೀಡಿಂಗ್ ಎಂಬ ಮಾತೇ ಇರಲಿಲ್ಲವೆಂದು. ಓಡಿ ಹೋಗಿ ನೋಡಿದರೆ ಹಾಸಿಗೆ ಒದ್ದೆಯಾಗಿತ್ತು. ಡಾಕ್ಟರು ಬಂದರು, ರಕ್ತ ಕೊಟ್ಟರು, ಆ ತಾಯಿ ಬದುಕಿದಳು. ಸೊಸೆ ಮನೆಗೆ ಬಂದು, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದು, ಅಡುಗೆಮನೆಯ ನೆಲದ ಮೇಲೆ ಕೂತು ಒಂದೇ ಮಾತು ಹೇಳಿದಳು: “ಅತ್ತೆ, ನಾನು ಎಲ್ಲಾ ಹೇಳಿದ್ದೆ. ಅವಳಿಗೆ ಏನೂ ಕೇಳಿಸಲಿಲ್ಲ.”

ನಾನು ಎದ್ದು ಫ್ರಿಜ್ಜಿನ ಪಟ್ಟಿಯನ್ನು ಕಿತ್ತು ಮಡಿಸಿಟ್ಟೆ.

ಎರಡನೇ ಸಲದ ಪರೀಕ್ಷೆಯಲ್ಲಿ ತಾವು ಕೃಪೆಯಿಟ್ಟು, ನಿಮ್ಮ ಕೆಲಸದಲ್ಲಿ ಪಾಠ ಕಲಿಸಿದ ಘಟನೆಯೊಂದನ್ನು ಬರೆಯಿರಿ ಎಂದು ಕೇಳಿದ್ದಿರಿ. ಅವಳು ಇದನ್ನೇ ಬರೆದಳು. ಬಾಣಂತಿಗೆ ರಕ್ತ ಹೋಗುತ್ತಿತ್ತು. ನಾನು ಗಾಬರಿಯಿಲ್ಲ ಎಂದೆ. ನಾನು ತಿರುಗಿ ಓಡಿದೆ. ಹೀಗೆ ಗಿಡ್ಡ ಗಿಡ್ಡ ವಾಕ್ಯಗಳಲ್ಲಿ, ಯಾವುದಕ್ಕೂ ಏನನ್ನೂ ಹೊದಿಸದೆ ಬರೆದಳು. ವಾಕ್ಯಗಳ ನಡುವೆ ಸಂಬಂಧವಿಲ್ಲ ಎಂದು ತಾವು ಮತ್ತೆ ಫೇಲು ಮಾಡಿದಿರಿ. ರಕ್ತ ಹೋಗುವುದಕ್ಕೂ ನರ್ಸ್ ಓಡುವುದಕ್ಕೂ ಏನು ಸಂಬಂಧ ಎಂದು ಕೇಳಬಲ್ಲ ಬುದ್ಧಿ ಈ ಭೂಮಿಯ ಮೇಲೆ ತಮ್ಮೊಬ್ಬರದೇ.

ನನಗೆ ಹಟ ಬಂತು. ಯಾರು ಬೇಕಾದರೂ ಬರೆಯಬಹುದಾದ ತಮ್ಮ ಅಭ್ಯಾಸ ಪರೀಕ್ಷೆಗೆ, ಮಡಿಸಿಟ್ಟಿದ್ದ ಪಟ್ಟಿಯನ್ನು ಬಿಚ್ಚಿಕೊಂಡು ನಾನೇ ಕೂತೆ. ಕೊಡೆ ಎಂಬುದು ಕೊಡೆ, ಹೌವೆವರ್ ಮಳೆಗೆ ಅದು ಗೊತ್ತಿಲ್ಲ, ಮೋರ್‌ಓವರ್ ಎಮ್ಮೆಗೆ ಚಪ್ಪಲಿ ಬೇಡ, ದೇರ್‌ಫೋರ್ ಸರ್ಕಾರ ಇತ್ತ ಗಮನ ಹರಿಸತಕ್ಕದ್ದು ಎಂಬ ಅರ್ಥದಲ್ಲಿ ಒಂದು ಪುಟ ಹೇಳಿದೆ, ಮಗ ಇಂಗ್ಲಿಷಿನಲ್ಲಿ ಕುಟ್ಟಿದ. ನಿಮ್ಮ ವಿಚಾರಗಳು ಸುಸಂಬದ್ಧವಾಗಿ ಹರಿದಿವೆ ಎಂದು ತಾವು ನನಗೆ ಉನ್ನತ ದರ್ಜೆ ದಯಪಾಲಿಸಿದಿರಿ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ತಮ್ಮ ತೀರ್ಪಿನಂತೆ ಹೆರಿಗೆ ವಾರ್ಡು ನಡೆಸುವ ಅರ್ಹತೆ ನನಗಿದ್ದು ನನ್ನ ಸೊಸೆಗೆ ಇಲ್ಲದಿರುವುದರಿಂದ, ತಮ್ಮನ್ನು ತಯಾರಿಸಿದ ಮಹನೀಯರ ಮನೆಯ ಹೆರಿಗೆಗಳನ್ನೆಲ್ಲ ಇನ್ನು ಮುಂದೆ ನನಗೇ ವಹಿಸಿಕೊಡಬೇಕು. ನನಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಹೌವೆವರ್, ಬೀಳುವ ಮುನ್ನ ದೇರ್‌ಫೋರ್ ಎಂದು ಹೇಳಿಯೇ ಬೀಳುತ್ತೇನೆ.

ಇಷ್ಟಾದ ಮೇಲೂ ವಿಶ್ವಾಸ ಎಂಬುದು ಉಳಿದಿದ್ದರೆ, ತಮ್ಮ ವಿಶ್ವಾಸಿ,
ಪಾಸಾದ ಅತ್ತೆ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ವಾರ್ಡಿಗೆ ಮುಖ್ಯಸ್ಥೆ ಬಂದರು. ಕಣ್ಣಿನ ವಿಭಾಗದವರು, ತಮ್ಮಲ್ಲಿ ಪೂರ್ಣಾಂಕ ಪಡೆದವರು. ಇಂದು ಮಧ್ಯಾಹ್ನ ಸೊಸೆ ರಜೆಯಲ್ಲಿದ್ದು ಬಟ್ಟೆ ಒಣಹಾಕುತ್ತಿದ್ದಾಗ, ಹೆರಿಗೆ ನೋವಿನಲ್ಲಿದ್ದ ಒಬ್ಬಳ ವಿಷಯವಾಗಿ ಅವರ ಫೋನು ಬಂತು. ಆಲ್ದೋ ಎಂದು ಶುರುವಾದ ಅವರ ಮಾತು ವಿಷಯಕ್ಕೆ ಬರುವಷ್ಟರಲ್ಲಿ ಮಗುವೇ ಬಂದುಬಿಡುವಂತಿತ್ತು. ಇವಳು ನಡುವೆಯೇ ತಡೆದು, “ಡಾಕ್ಟರನ್ನು ಕರೀರಿ. ಅವಳ ಕೈ ಬಿಡಬೇಡಿ. ಬಂದೆ,” ಎಂದಷ್ಟೇ ಹೇಳಿ, ಒದ್ದೆ ಬಟ್ಟೆಯನ್ನು ನನ್ನ ಹೆಗಲ ಮೇಲೆ ಹಾಕಿ ಓಡಿದಳು. ತಾಯಿ, ಹೆಣ್ಣು ಮಗು ಇಬ್ಬರೂ ಚೆನ್ನಾಗಿದ್ದಾರೆ. ಕೊಂಡಿಯಿಲ್ಲದ ಆ ಮೂರು ವಾಕ್ಯಗಳಿಗೆ ತಮ್ಮ ಸೊನ್ನೆಯನ್ನು ಲಿಖಿತವಾಗಿ ಕಳಿಸಿಕೊಡಿ. ಆ ಹುಡುಗಿ ಓದಲು ಕಲಿತ ಮೇಲೆ ತೋರಿಸುತ್ತೇನೆ.